ಅಕ್ಕನನ್ನ ಕೇಳಿ ಹೇಳ್ತೀನಿ

"ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಏನಾದ್ರೂ ಬಂದಿತ್ತಾ?" ಎಂದು ಡಾಕ್ಟರ್ ಕೇಳಿದರು. "ಅಕ್ಕನನ್ನ ಕೇಳಿ ಹೇಳ್ತೀನಿ" ಎಂದೆ. "ಸರಿ, ಕೇಳಿ ಹೇಳಿ" ಎಂದು ಅವರು ಮುಂದಿನ ಪ್ರಶ್ನೆಗೆ ಹೋದರು. ಅಕ್ಕ ತೀರಿಕೊಂಡು ವರ್ಷ ದಾಟಿದೆ.

ವಾರವೆಲ್ಲ ಅದೇ ಮಾತು ಕಿವಿಯಲ್ಲಿದೆ. ಕೇಳಿ ಹೇಳ್ತೀನಿ. ಕೇಳಿ ಹೇಳಿ. "ಬಾಯಿ ತಪ್ಪಿ ಬಂದಿದೆ, ಬಿಡಮ್ಮಾ" ಎಂದರು ಭಾವ. ಒಳ್ಳೆಯವರು. ಅವರಿಗೂ ಸಂಕಟ ಇದೆ. ಆದರೆ ದುಃಖ ಎಂದರೆ ಬೇಗ ಮುಗಿಸಬೇಕಾದ ಕೆಲಸ ಎನ್ನುವ ಹಾಗೆ ಮಾತಾಡುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ನನಗೇನೂ ಬಾಯಿ ತಪ್ಪಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನ ಬಾಲ್ಯದ ಉತ್ತರಗಳೆಲ್ಲ ಇದ್ದದ್ದು ಅಕ್ಕನ ಹತ್ತಿರವೇ.

ಮೂರು ವರ್ಷದವಳಿದ್ದಾಗ ನನಗೆ ಜೋರು ಜ್ವರ ಬಂದಿತ್ತಂತೆ. ಯಾವ ಜ್ವರವೋ ಗೊತ್ತಿಲ್ಲ. ಒಂದು ಚೂರೂ ನೆನಪಿಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ಹೇಳಿದ ಪ್ರಕಾರ, ನನ್ನ ಅರಿವು ಹಿಂದೆ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಮಾತ್ರ ನಾನು ಅದೇ ವ್ಯಕ್ತಿ. ಹಾಗಾದರೆ ಜ್ವರದಲ್ಲಿ ಮಲಗಿದ್ದ ಮಗು ನಾನಲ್ಲ! 1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಒಂದು ಉದಾಹರಣೆ ಕಟ್ಟಿ ಇದಕ್ಕೆ ಒಳ್ಳೆಯ ಪೆಟ್ಟು ಕೊಟ್ಟ. ಹುಡುಗನಾಗಿದ್ದಾಗ ಏಟು ತಿಂದವನೊಬ್ಬ ಮುಂದೆ ಯುದ್ಧದಲ್ಲಿ ಶತ್ರುವಿನ ಧ್ವಜ ಕಿತ್ತುಕೊಂಡ. ಆಗ ಅವನಿಗೆ ಏಟಿನ ನೆನಪಿತ್ತು. ವಯಸ್ಸಾಗಿ ಸೇನಾಪತಿಯಾದಾಗ ಧ್ವಜ ನೆನಪಿದೆ, ಏಟು ಮರೆತಿದೆ. ಲಾಕ್ ಲೆಕ್ಕದಲ್ಲಿ ಸೇನಾಪತಿಯೇ ಧ್ವಜ ಕಿತ್ತವನು, ಧ್ವಜ ಕಿತ್ತವನೇ ಆ ಹುಡುಗ; ಆದರೆ ಏಟು ನೆನಪಿಲ್ಲದ್ದರಿಂದ ಸೇನಾಪತಿ ಆ ಹುಡುಗನೂ ಹೌದು, ಅಲ್ಲವೂ ಹೌದು. ನೆನಪು ಬರೀ ಸಾಕ್ಷಿ, ನಮ್ಮನ್ನು ನಾವಾಗಿ ಮಾಡುವುದು ಅದಲ್ಲ ಎಂದ ರೀಡ್. ತನ್ನನ್ನು ಹೆತ್ತವಳು, ಹಾಲೂಡಿಸಿದವಳು ಯಾರೆಂದು ಅವನಿಗೆ ಗೊತ್ತಿತ್ತು, ನೆನಪಿರಲಿಲ್ಲ.

ರೀಡ್ ಹೇಳಿದ್ದೇ ಸರಿ. ಆದರೂ ಸಮಾಧಾನವಾಗುತ್ತಿಲ್ಲ. ಸಾಕ್ಷಿ ಇಲ್ಲದಿದ್ದರೂ ಆ ಮಗು ನಾನೇ ಇರಬಹುದು. ಆದರೆ ಅವಳನ್ನು ಕಣ್ಣಾರೆ ಕಂಡು "ಅದು ನೀನೇ ಕಣೇ" ಎನ್ನುವವರು ಇನ್ನಿಲ್ಲ. ಅಕ್ಕ ಹೋದಾಗ ಎಲ್ಲರೂ ಅವಳ ಬಗ್ಗೆ ಕೇಳಿದರು. ಅವಳ ಜೊತೆ ನನ್ನದು ಏನೇನು ಹೋಯಿತು ಎಂದು ಯಾರೂ ಕೇಳಲಿಲ್ಲ.

ಹಾಗೆಯೇ ಅವಳದ್ದೂ ಸ್ವಲ್ಪ ನನ್ನ ಹತ್ತಿರ ಉಳಿದಿರಬೇಕು, ಅಲ್ವಾ? ಭಾವ ಕಂಡಿದ್ದು ಯಾವುದಕ್ಕೂ ಜಗ್ಗದ ಹೆಂಡತಿಯನ್ನು. ಕತ್ತಲೆಗೆ ಹೆದರಿ, ಅವಳಿಗಿಂತ ಚಿಕ್ಕವಳಾದ ನನ್ನ ಕೈ ಹಿಡಿದು ಮಲಗುತ್ತಿದ್ದ ಅಕ್ಕ ಅವರಿಗೆ ಗೊತ್ತೇ ಇಲ್ಲ. ಭಾನುವಾರ ಹೋಗಿ ಹೇಳಬೇಕು ಅಂತಿದ್ದೀನಿ. ಅವರು ಮಾತು ಬದಲಿಸಲು ನೋಡಿದರೂ ಪೂರ್ತಿ ಹೇಳಿಯೇ ಬರುತ್ತೇನೆ.