ಹುತ್ತ, ಗೆದ್ದಲು, ಮಳೆಹುಳು

ಕಳೆದ ತಿಂಗಳು ಮೈಸೂರಿನ ನಮ್ಮ ಮನೆಯಲ್ಲಿ ಪುಸ್ತಕದ ಬೀರುವನ್ನು ಸರಿಸಿದಾಗ, ಹಿಂದಿನ ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಯೊಂದು ಬಾಗಿಲ ಚೌಕಟ್ಟಿನವರೆಗೆ ಹರಿದಿರುವುದು ಕಂಡಿತು. ಉಗುರಿನಿಂದ ಕೆರೆದಾಗ ಅಕ್ಕಿನುಚ್ಚಿನಂಥ ಬಿಳಿಹುಳುಗಳು ಚದುರಿದವು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ದೊಡ್ಡ ತಲೆಯ ಕೆಲವು ಹುಳುಗಳು ಒಡಕಿನ ಬಾಯಲ್ಲಿ ಕಾವಲು ನಿಂತಿದ್ದವು; ಉಳಿದವು ಹಸಿಮಣ್ಣಿನ ಕಣಗಳನ್ನು ಒಂದೊಂದಾಗಿ ತಂದು ಅಂಟಿಸಿ ಒಡಕನ್ನು ಮುಚ್ಚುತ್ತಿದ್ದವು.

ಬೀದಿಯವರೆಲ್ಲ ಒಂದೊಂದು ಸಲಹೆ ಕೊಟ್ಟರು. ಸೀಮೆಎಣ್ಣೆ ಸುರಿಯಿರಿ ಎಂದವರೇ ಹೆಚ್ಚು. ಗೆದ್ದಲನ್ನು ಬಿಳಿ ಇರುವೆಯೆಂದೇ ನಂಬಿದವರು ಅನೇಕರು. ಅದು ಜಿರಲೆಯ ಹತ್ತಿರದ ನೆಂಟ ಎಂದಾಗ ಯಾರೂ ಒಪ್ಪಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ನಾಗರಪಂಚಮಿಯ ದಿನ ಇದೇ ಬೀದಿಯವರು ಅಶ್ವತ್ಥದ ಬುಡದ ಹುತ್ತಕ್ಕೆ ಅರಿಸಿನ, ಕುಂಕುಮ ಏರಿಸಿ ಹಾಲೆರೆಯುತ್ತಾರೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ಮಳೆಹುಳುಗಳಿಗೆ ಹೆದರಿ ದೀಪ ಆರಿಸುತ್ತಾರೆ. ಚೌಕಟ್ಟು ತಿನ್ನುವ ಹುಳು, ಹುತ್ತ ಕಟ್ಟುವ ಹುಳು, ರೆಕ್ಕೆ ಉದುರಿಸಿ ಜೋಡಿಯಾಗಿ ಮಣ್ಣಿಗಿಳಿಯುವ ಮಳೆಹುಳು, ಮೂರೂ ಒಂದೇ ಬಳಗದವೆಂಬುದು ಪೇಟೆಯಲ್ಲಿ ಬೆಳೆದವರ ಅರಿವಿಗೆ ಬಂದೇ ಇಲ್ಲ. ಪಕ್ಕದ ಮನೆಯ ಅಜ್ಜಿಗೆ ಹೇಳಿದೆ. "ಹುತ್ತ ನಾಗಪ್ಪನದಲ್ಲವೇನಪ್ಪಾ?" ಎಂದು ಅವರು ಬೆರಗಾದರು. ಹಾವು ಹುತ್ತವನ್ನು ಕಟ್ಟುವುದಿಲ್ಲ, ಇದ್ದುದರಲ್ಲಿ ಸೇರಿಕೊಳ್ಳುತ್ತದೆ ಅಷ್ಟೆ. ಹುತ್ತದೊಳಗೆ ಗೆದ್ದಲು ಅಣಬೆಯ ಜಾತಿಯ ಶಿಲೀಂಧ್ರವನ್ನು ಬೆಳೆಸಿ, ತಾನು ತಂದ ಒಣಸೊಪ್ಪು ಕಟ್ಟಿಗೆಗಳನ್ನು ಅದರಿಂದ ಮೆದುವಾಗಿಸಿಕೊಂಡು ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ರುಚಿಯಾದ ಅಣಬೆ ಆ ಕೃಷಿಯದೇ ಫಲ. ಹಳ್ಳಿಯಲ್ಲಿ ಅದಕ್ಕಾಗಿ ಕಾಯುತ್ತಿದ್ದರೆಂದು ಅಜ್ಜಿಗೆ ಆಗ ನೆನಪಾಯಿತು.

ಜಗತ್ತಿನಲ್ಲಿರುವ ಸುಮಾರು 3000 ಜಾತಿಯ ಗೆದ್ದಲುಗಳಲ್ಲಿ ಮನೆಗೆ ಕೇಡು ಮಾಡುವವು ಕೆಲವೇ. ಉಳಿದವು ಒಣಗಿದ್ದನ್ನು ಮಣ್ಣಾಗಿಸಿ, ನೆಲವನ್ನು ಸಡಿಲಗೊಳಿಸಿ, ನೀರು ಇಂಗಲು ದಾರಿ ಮಾಡುತ್ತವೆ. ಕಂಡಕಂಡ ಹುತ್ತವನ್ನು ಕೆಡವಿಸುವುದು ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. ಸೀಮೆಎಣ್ಣೆಯೂ ವ್ಯರ್ಥ: ಅದು ಕಣ್ಣಿಗೆ ಬಿದ್ದ ಹುಳುಗಳನ್ನಷ್ಟೇ ಕೊಲ್ಲುತ್ತದೆ, ಗೂಡು ಮಣ್ಣಿನಾಳದಲ್ಲಿ ಹಾಗೆಯೇ ಉಳಿಯುತ್ತದೆ.

ನಮ್ಮ ಮನೆಗೆ ಗೆದ್ದಲನ್ನು ಕರೆತಂದದ್ದು ಬಚ್ಚಲ ಗೋಡೆಯೊಳಗೆ ಸೋರುತ್ತಿದ್ದ ಪೈಪು. ತೇವವಿಲ್ಲದೆ ಈ ಮೆತ್ತನೆಯ ಹುಳು ಬದುಕಲಾರದು. ಪೈಪು ಬದಲಾಯಿಸಿ, ಚೌಕಟ್ಟಿನ ಬುಡಕ್ಕೆ ಮಾತ್ರ ಔಷಧಿ ಹಾಕಿಸಿ, ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ.