ಮರಡಿಹಳ್ಳಿಯ ದಿಂಬು ಲಾವಾ, ಬ್ರಹ್ಮನ ಹಗಲು

ಚಿತ್ರದುರ್ಗದ ಕೋಟೆಯ ಉರುಟು ಬಂಡೆಗಳನ್ನೇ ಕೆಲವರು ದಿಂಬು ಲಾವಾ ಅಂದುಕೊಳ್ಳುತ್ತಾರೆ. ಅದು ಬಿಸಿಲು-ಮಳೆಗೆ ಮೂಲೆ ಸವೆದ ಗ್ರಾನೈಟ್. ದಿಂಬು ಲಾವಾ ಇರುವುದು ಅದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ: ನೀರಿನಡಿ ಉಕ್ಕಿದ ಲಾವಾ ಥಟ್ಟನೆ ತಣಿದು ದಿಂಬಿನಾಕಾರದ ಕಲ್ಲಾದದ್ದು, ಅಂಚಿನ ಸಿಪ್ಪೆಯಲ್ಲಿ ಕಣ ನುಣ್ಣಗೆ. ಪ್ರತಿ ದಿಂಬಿನ ಉಬ್ಬಿದ ಬೆನ್ನು ಅಂದಿನ ಮೇಲ್ಭಾಗ, ಚೂಪು ಬಾಲ ಅಡಿಭಾಗ. ವಯಸ್ಸು ಸುಮಾರು 250 ಕೋಟಿ ವರ್ಷ. ಡೈನೋಸಾರ್ ಮೂಳೆ ಹುಡುಕಬೇಡಿ, ಆಗಿನ್ನೂ ಪ್ರಾಣಿಗಳೇ ಇರಲಿಲ್ಲ. ಕಾರ್ಬನ್ ಡೇಟಿಂಗ್ (ಇಂಗಾಲದಿಂದ ವಯಸ್ಸು ಅಳೆಯುವ ವಿಧಾನ) ಕೂಡ ಇಲ್ಲಿ ನಡೆಯದು. ಸುಮಾರು 50,000 ವರ್ಷದಾಚೆ ಅದರ ಕೈ ನಿಲುಕದು.

ಪುರಾಣದ ಕಲ್ಪ, ಅಂದರೆ ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ. ಭೂಮಿಗೆ ಸುಮಾರು 454 ಕೋಟಿ. ‘ಭೂಮಿಯ ವಯಸ್ಸು ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎನ್ನುವುದು ಅವಸರ: ಒಂದು ಯುಗಗಳ ಲೆಕ್ಕ, ಇನ್ನೊಂದು ಕಲ್ಲಿನ ಅಳತೆ. ಆದರೂ ಕೋಟಿಗಳಲ್ಲಿ ಕಾಲ ಎಣಿಸಿದ ಭಕ್ತರಿಗೆ ಈ ಕಲ್ಲಿನ ವಯಸ್ಸು ಗಾಬರಿ ತರಬೇಕಿಲ್ಲ. ಎಡವುವುದು ಮೀನು, ಆಮೆ, ಹಂದಿ ಎಂದು ಸಾಗುವ ದಶಾವತಾರವನ್ನು ಜೀವವಿಕಾಸದ ಏಣಿ ಮಾಡಿದಾಗ. ವಿಕಾಸ ಏಣಿಯಲ್ಲ, ಕವಲೊಡೆದ ಮರ. ಆಮೆಯಾಗಲಿ ಹಂದಿಯಾಗಲಿ ಮನುಷ್ಯನ ಪೂರ್ವಜರಲ್ಲ, ದೂರದ ದಾಯಾದಿಗಳು.