ಕೊತ್ತಿಯನ್ನ ಬಿಟ್ಟು ಬನ್ನಿ ಅಂದವರಿಗೆ

"ಕೊತ್ತಿ ಮನೆಗೆ ಅಂಟಿಕೊಂಡಿರೋ ಪ್ರಾಣಿ ಕಣೇ. ಇಲ್ಲೇ ಬಿಟ್ಟು ಹೋಗು, ಯಾರಾದ್ರೂ ಅನ್ನ ಹಾಕ್ತಾರೆ."

ಚಿಕ್ಕಮಗಳೂರಿನ ಮನೆ ಖಾಲಿ ಮಾಡುವಾಗ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ನಾಯಿ ಬಗ್ಗೆ ಯಾರೂ ಹಾಗೆ ಹೇಳಲಿಲ್ಲ. ನಾಯಿ ಕರಿಯ ನಮ್ಮ ಜೊತೆ ಬರಬಹುದು, ಬೆಕ್ಕು ಬೆಲ್ಲ ಮಾತ್ರ ಉಳಿಯಬೇಕು. ಆರು ವರ್ಷ ನನ್ನ ಕಾಲ ಬುಡದಲ್ಲಿ ಮಲಗಿದ ಜೀವ ಅದು. ಬಿಟ್ಟು ಬರುವ ಮಾತೇ ಇರಲಿಲ್ಲ.

ನಮ್ಮನೆಯವರಿಗೆ ಹಾಸನಕ್ಕೆ ವರ್ಗ ಆಗಿತ್ತು. ನಾಯಿ ಇದೆ ಅಂದ ಕೂಡಲೇ ಓನರ್‌ಗಳ ಮುಖ ಬದಲಾಗುತ್ತಿತ್ತು. ಒಬ್ಬರು ಅಡ್ವಾನ್ಸ್ ಮಾತಾಡಿ ಆದ ಮೇಲೆ ಬೇಡ ಅಂದರು. ಎಂಟನೇ ಮನೆ ಸಾಲಗಾಮೆ ರಸ್ತೆ ಕಡೆ ಸಿಕ್ಕಿತು. ಕೆಳಗೆ ಓನರ್ ಅಜ್ಜಿ ಒಬ್ಬರೇ. "ಮೂಕ ಪ್ರಾಣಿ, ಇರ್ಲಿ ಬಿಡಮ್ಮ" ಅಂದರು. ಅವತ್ತು ನನಗೆ ಅಳುವೇ ಬಂತು.

ಜಾಲರಿ ಬಾಗಿಲಿನ ಒಂದು ಪ್ಲಾಸ್ಟಿಕ್ ಬುಟ್ಟಿ ತಂದು, ಎರಡು ವಾರ ಮುಂಚೆಯೇ ಹಾಲ್‌ನಲ್ಲಿ ಬಾಗಿಲು ತೆಗೆದಿಟ್ಟೆ. ಒಳಗೆ ನನ್ನ ಹಳೇ ಕಾಟನ್ ಸೀರೆ ಹಾಸಿದೆ. ಬೆಲ್ಲನ ಊಟದ ತಟ್ಟೆ ದಿನಾ ಅದರೊಳಗೇ. ನಾಲ್ಕನೇ ದಿನ ಅವನೇ ಹೋಗಿ ಅಲ್ಲಿ ಮಧ್ಯಾಹ್ನದ ನಿದ್ದೆ ಮಾಡಿದ. ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ತರುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕತ್ತಲೆ, ಆ ಸೆಕೆಯಲ್ಲಿ ಪಾಪ ಅದರ ಎದೆ ಹೇಗೆ ಹೊಡೆದುಕೊಳ್ಳಬೇಡ.

ಲಾರಿಗೆ ಸಾಮಾನು ತುಂಬುವ ದಿನ ಬೆಲ್ಲನನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿದ್ದೆ. ಬಾಗಿಲಿಗೆ ಚೀಟಿ ಅಂಟಿಸಿರಲಿಲ್ಲ, ಅದೇ ತಪ್ಪು. ಬಕೆಟ್ ಎತ್ತಿಕೊಳ್ಳಲು ಒಬ್ಬ ಹುಡುಗ ಬಾಗಿಲು ತೆಗೆದ. ಬೆಲ್ಲ ಒಂದೇ ನೆಗೆತಕ್ಕೆ ಅಟ್ಟ ಸೇರಿದ. ಎರಡು ಗಂಟೆ ಕರೆದರೂ ಇಳಿಯಲಿಲ್ಲ. ಲಾರಿ ಹೋಗಿ, ಮನೆ ಪೂರಾ ಖಾಲಿಯಾಗಿ, ಸದ್ದೆಲ್ಲ ಅಡಗಿದ ಮೇಲೆ ಮೆಲ್ಲಗೆ ಇಳಿದು ಬಂದು ಆ ಬುಟ್ಟಿಯೊಳಗೇ ಕೂತ. ಇಡೀ ಮನೆಯಲ್ಲಿ ಅವನಿಗೆ ಗುರುತಿದ್ದ ವಸ್ತು ಅದೊಂದೇ ಉಳಿದಿತ್ತು.

ಮರುದಿನ ಬೆಳಗ್ಗೆ 6ಕ್ಕೆ ಕಾರು ಹತ್ತಿದೆವು. ವಾಂತಿ ಆಗಬಾರದು ಅಂತ ಇಬ್ಬರಿಗೂ ಬೆಳಗಿನ ಊಟ ಇಲ್ಲ, ಬರೀ ನೀರು. ಕರಿಯನ ಬೆಲ್ಟಿಗೆ ನನ್ನ ಫೋನ್ ನಂಬರ್ ಬರೆದ ಬಿಲ್ಲೆ ಹಾಕಿಸಿದ್ದೆ. ಹಾಸನಕ್ಕೆ ಇರೋದು ಸುಮಾರು 60 ಕಿಲೋಮೀಟರ್ ಅಷ್ಟೇ. ಬೇಲೂರಿನವರೆಗೂ ಬೆಲ್ಲ ಕೂಗಿದ. ಅದು ಮಿಯಾಂವ್ ಅಲ್ಲ, ಮಗು ಅತ್ತ ಹಾಗೆ. ಬುಟ್ಟಿ ತೆಗೆದು ಮಡಿಲಲ್ಲಿ ಕೂರಿಸಿಕೊಳ್ಳೋಣ ಅಂತ ಎಷ್ಟು ಸಲ ಕೈ ಹೋಯಿತೋ. ತೆಗೆಯಲಿಲ್ಲ. ಓಡುವ ಕಾರಿನಲ್ಲಿ ಬ್ರೇಕ್ ಕಾಲಡಿಗೆ ಬಂದರೆ ಏನು ಗತಿ? ಬುಟ್ಟಿ ಮೇಲೆ ಟವೆಲ್ ಮುಚ್ಚಿ, ಗಾಳಿಗೆ ಒಂದು ಕಡೆ ಬಿಟ್ಟೆ. ಯಗಚಿ ಸೇತುವೆ ದಾಟುವ ಹೊತ್ತಿಗೆ ಸುಮ್ಮನಾದ.

ಕರಿಯ ಹೊಸ ಮನೆಗೆ ಬೇಗ ಹೊಂದಿಕೊಂಡ. ವಾಕಿಂಗ್ ಹೊತ್ತು, ಊಟದ ಹೊತ್ತು ಹಳೇದೇ ಇಟ್ಟೆವು, ಅಷ್ಟು ಸಾಕಾಯಿತು. ಬೆಲ್ಲ ಹಾಗಲ್ಲ. ಮೊದಲು ಒಂದೇ ರೂಮು ಕೊಟ್ಟೆ: ಅದೇ ಬುಟ್ಟಿ, ಅದೇ ತಟ್ಟೆ, ಒಂದು ಮೂಲೆಯಲ್ಲಿ ಹಳೇ ಮನೆಯ ಹಿತ್ತಲಿಂದ ತಂದ ಮಣ್ಣು ತುಂಬಿದ ಟಬ್. ಸೀರೆಯನ್ನು ತೊಳೆಯಲಿಲ್ಲ. ನಮ್ಮತ್ತೆ "ವಾಸನೆ ಹೊಡೀತಿದೆ, ಒಗೀಬಾರ್ದಾ" ಅಂದರು. ಆ ವಾಸನೆಯೇ ಅವನ ಮನೆ ಅಲ್ವಾ ಅತ್ತೆ ಅಂದೆ.

ಮಂಚದ ಕೆಳಗೆ ಗೋಡೆಗೆ ಒತ್ತಿ ಕೂತವನು ಒಂದೂವರೆ ದಿನ ಏನೂ ಮುಟ್ಟಲಿಲ್ಲ. ಚಿಕ್ಕಮಗಳೂರಿನ ನಮ್ಮ ಡಾಕ್ಟರ್‌ಗೆ ಫೋನ್ ಮಾಡಿದೆ. ಬೆಕ್ಕು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಲಿವರ್‌ಗೆ ತೊಂದರೆ ಆಗುತ್ತೆ, ಇವತ್ತು ರಾತ್ರಿಯೂ ತಿನ್ನದಿದ್ದರೆ ನಾಳೆ ತೋರಿಸಿಬಿಡಿ ಅಂದರು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಆ ಧೈರ್ಯ ಒಂದಿತ್ತು. ಉಪ್ಪು ಹಾಕದೆ ಬಂಗುಡೆ ಬೇಯಿಸಿ, ಬಿಸಿ ಆರುವ ಮೊದಲು ಬೆರಳಿಗೆ ಹಚ್ಚಿಕೊಂಡು ನೆಲದ ಮೇಲೆ ಬೋರಲು ಮಲಗಿದೆ. ಸುಮಾರು ಹೊತ್ತಾದ ಮೇಲೆ ಆ ಒರಟು ನಾಲಿಗೆ ಬೆರಳಿಗೆ ತಾಗಿತು.

ಡಾಕ್ಟರ್ ಇನ್ನೊಂದು ಹೇಳಿದ್ದರು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿ ಇರುತ್ತೆ, ಅದು ಕೆನ್ನೆ ಉಜ್ಜಿದ ಜಾಗ ಅದರದ್ದಾಗುತ್ತೆ. ಹಾಗಾಗಿ ಮೆತ್ತನೆ ಬಟ್ಟೆಯಿಂದ ಅವನ ಕೆನ್ನೆ ಒರೆಸಿ, ಬಾಗಿಲ ಚೌಕಟ್ಟಿಗೆ, ಸೋಫಾ ಕಾಲಿಗೆ, ಬೆಕ್ಕಿನ ಎತ್ತರಕ್ಕೇ ಉಜ್ಜಿದೆ. ವಾರದಲ್ಲಿ ಅದೇ ಜಾಗಗಳಿಗೆ ತಾನೇ ಕೆನ್ನೆ ಉಜ್ಜತೊಡಗಿದ.

ಮೂರು ವಾರ ಹೊರಗೆ ಬಿಡಲಿಲ್ಲ. ಬೇಗ ಬಿಟ್ಟರೆ ಹಳೇ ಮನೆ ಹುಡುಕಿಕೊಂಡು ಹೊರಟುಬಿಡುತ್ತವೆ. ಇಪ್ಪತ್ತೆರಡನೇ ದಿನ ಸಂಜೆ, ಊಟಕ್ಕೆ ಮುಂಚೆ, ಹಸಿದಿರುವಾಗಲೇ ಬಾಗಿಲು ತೆಗೆದೆ. ಮೆಟ್ಟಿಲಿಳಿದು ಅಜ್ಜಿಯ ತುಳಸಿಕಟ್ಟೆ ಸುತ್ತ ಮೂಸಿದ. ತಟ್ಟೆ ಬಡಿದೆ, ಬಂದುಬಿಟ್ಟ.

ನಿನ್ನೆ ನೋಡಿದೆ, ಅಜ್ಜಿ ಮನೆಯ ಬಾಗಿಲ ಚೌಕಟ್ಟಿಗೂ ಕೆನ್ನೆ ಉಜ್ಜುತ್ತಿದ್ದ.